ಕಸ್ತೂರೆಮ್ಮನ ಬೋಗುಣಿಯಲ್ಲಿ ಹನ್ನೊಂದು ವರ್ಷದ ಆಕಾಶ

ಬೆಳಗಿನ ಐದು ಗಂಟೆ ಹತ್ತು ನಿಮಿಷ. ಯಲಬುರ್ಗಾದ ಪದವಿ ಕಾಲೇಜೊಂದರ ಮಾಳಿಗೆಗೆ ಹೋಗುವ ಇಪ್ಪತ್ತೆಂಟು ಮೆಟ್ಟಿಲುಗಳನ್ನು ಕಸ್ತೂರೆಮ್ಮ ದೀಪವಿಲ್ಲದೆ ಹತ್ತುತ್ತಿದ್ದಾರೆ. ಒಂದು ಕೈಯಲ್ಲಿ ನೀರಿನ ತಂಬಿಗೆ, ಇನ್ನೊಂದರಲ್ಲಿ ಮಡಚಿದ ಹಳೆಯ ಧೋತರದ ತುಂಡು, ಕಂಕುಳಲ್ಲಿ ರಟ್ಟಿನ ಹೊದಿಕೆಯ ವಹಿ. ಹಿಂದೆ ಅವರ ಬಗ್ಗೆ ಬರೆಯಲು ಬಂದ ನಾನು, ಸ್ವೆಟರ್ ಹಾಕಿಕೊಂಡೂ ನಡುಗುತ್ತ, ಮೊಬೈಲಿನ ಬೆಳಕು ಹಿಡಿದುಕೊಂಡೂ ಎಡವುತ್ತ ಹತ್ತುತ್ತಿದ್ದೇನೆ. "ಸಾವಕಾಶ ಬರ್ರಿ ಸರ. ಮ್ಯಾಲ ಕೆಲಸಾ ನಡದೈತಿ, ಕಾಲಾಗ ಉಸುಕು ಬರತೈತಿ" ಎಂದು ಅವರು ಮೇಲಿನಿಂದ ಹೇಳುತ್ತಾರೆ.

ಮೇಲೆ ಹೋಗಿ ನೋಡಿದರೆ ಮಾಳಿಗೆಯ ಮುಕ್ಕಾಲು ಭಾಗವನ್ನು ಅಗೆದು ಹಾಕಿದ್ದಾರೆ. ಸೋರುವ ಮಾಳಿಗೆಗೆ ಹೊಸ ಗಚ್ಚು ಹಾಕುವ ಕೆಲಸ. ಉಸುಕಿನ ಗುಡ್ಡೆ, ಸಿಮೆಂಟಿನ ಚೀಲಗಳು, ರಾತ್ರಿ ಬಿಟ್ಟುಹೋದ ಬುಟ್ಟಿಗಳು. ಆಗ್ನೇಯ ಮೂಲೆಯಲ್ಲಿ ಮಾತ್ರ ನಾಲ್ಕು ಫೂಟು ಚೌಕದಷ್ಟು ಹಳೆಯ ನೆಲ ಹಾಗೇ ಉಳಿದಿದೆ. ಅದರ ನಡುವೆ ಎದೆಮಟ್ಟದ ಕಬ್ಬಿಣದ ಕಂಬ, ಕಂಬದ ತಲೆಯ ಮೇಲೆ ಬೋರಲು ಹಾಕಿದ ಬಿಳಿ ಬೋಗುಣಿಯ ಹಾಗಿರುವ ಒಂದು ಆಂಟೆನಾ. ಕಾಲೇಜಿನವರು ಆಂಟೆನಾ ಎನ್ನುತ್ತಾರೆ. ಕಸ್ತೂರೆಮ್ಮ ಅದನ್ನು ಬೋಗುಣಿ ಎಂದೇ ಕರೆಯುತ್ತಾರೆ.

ಬೋಗುಣಿಯ ಮೇಲೆ ಇಬ್ಬನಿ ಕೂತಿದೆ, ಇಬ್ಬನಿಯ ಮೇಲೆ ಸಿಮೆಂಟಿನ ಧೂಳು. ಅವರು ಬಟ್ಟೆ ನೆನೆಸಿ, ಹಿಂಡಿ, ಮೇಲಿನಿಂದ ಕೆಳಕ್ಕೆ ಒಂದೇ ದಿಕ್ಕಿನಲ್ಲಿ ಒರೆಸುತ್ತಾರೆ. ಒತ್ತುವುದಿಲ್ಲ, ಉಜ್ಜುವುದಿಲ್ಲ. ಪಡುವಣದ ಕಡೆ ತೇಯ್ದ ಚಂದ್ರ ಇನ್ನೂ ಇದ್ದಾನೆ. ಒರೆಸಿ ಮುಗಿಸಿ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಮೇಲೆ ನೋಡುತ್ತಾರೆ. "ಈಗ ಮ್ಯಾಲ ಎಲ್ಲಾ ಖಾಲಿ ಖಾಲಿ ಇರತೈತ್ರಿ. ದಿನದಾಗ ಇಷ್ಟ ಖಾಲಿ ಮತ್ತ ಯಾವಾಗೂ ಇರಂಗಿಲ್ಲ" ಎನ್ನುತ್ತಾರೆ.

ನಂತರ ಕೆಳಗಿಳಿದು ಮೆಟ್ಟಿಲ ಬುಡದ ಪುಟ್ಟ ಕೋಣೆ. ಮೊದಲು ಪೊರಕೆ, ಬಕೆಟ್ ಇಡುತ್ತಿದ್ದ ಜಾಗ. ಈಗ ಅಲ್ಲಿ ಪೊರಕೆಗಳ ಪಕ್ಕದಲ್ಲೇ ಒಂದು ಯಂತ್ರ, ಒಂದು ಸಣ್ಣ ಪರದೆ, ನೆಲದ ಮೇಲೆ ಎರಡು ಬ್ಯಾಟರಿ. ಗಡಿಯಾರ ಐದೂವರೆ ಮುಟ್ಟಿದಾಗ ಪರದೆಯ ಮೂಲೆಯಲ್ಲಿದ್ದ ದಿನದ ಲೆಕ್ಕ ಬದಲಾಗುತ್ತದೆ. ಕಸ್ತೂರೆಮ್ಮ ವಹಿ ತೆರೆಯುತ್ತಾರೆ. "ನಿನ್ನಿದು ಮುಗೀತು" ಎನ್ನುತ್ತ ಬರೆದುಕೊಳ್ಳುತ್ತಾರೆ: ಜನವರಿ ಏಳು, ದಿನ ಮೂರು ಸಾವಿರದ ಒಂಬೈನೂರ ತೊಂಬತ್ತೊಂದು. ಬೆಳಗಿನ ಅಂಕಿ ಒಂಬತ್ತು. ಇಬ್ಬನಿ. ಸಿಮೆಂಟ್ ಧೂಳು. ಒರೆಸಿದೆ.

"ಇನ್ನ ಎಂಟ ದಿನಾ ರಿ ಸರ. ಎಂಟ ದಿನಾ ಆ ಮೂಲಿ ಒಂದ ಉಳದ್ರ ಹನ್ನೊಂದ ವರ್ಷ ತುಂಬತೈತಿ."

ಸೂರ್ಯನಿಗೆ ಒಂದು ಸುತ್ತಿದೆ. ಹೆಚ್ಚುಕಡಿಮೆ ಹನ್ನೊಂದು ವರ್ಷಕ್ಕೊಮ್ಮೆ ಅವನು ಕೆರಳುತ್ತಾನೆ, ತಣಿಯುತ್ತಾನೆ, ಮತ್ತೆ ಕೆರಳುತ್ತಾನೆ. ಅವನ ಆ ಏರಿಳಿತಕ್ಕೆ ತಕ್ಕಂತೆ ನಮ್ಮ ತಲೆಯ ಮೇಲಿನ ಆಕಾಶ ತುಂಬುವುದೂ ಬರಿದಾಗುವುದೂ ನಡೆಯುತ್ತದೆ. ಒಂದು ಸುತ್ತಿನ ಆ ಲೆಕ್ಕವನ್ನು ಯಲಬುರ್ಗಾದ ಮಾಳಿಗೆಯಿಂದ ಪೂರ್ತಿ ಹಿಡಿದಿಡಬೇಕು ಎಂಬುದು ಇಲ್ಲಿನ ಉದ್ದೇಶ. ಹಿಡಿದಿಡುತ್ತಿರುವವರು ಈ ಕಾಲೇಜಿನ ಕಸ ಗುಡಿಸುವ ಕಸ್ತೂರೆಮ್ಮ. ವಯಸ್ಸು ಐವತ್ತೆಂಟು. ಓದಿದ್ದು ಏಳನೆಯ ಇಯತ್ತೆ.

ಭೂಮಿಯಿಂದ ಸುಮಾರು ನೂರು ಕಿಲೋಮೀಟರು ಮೇಲಿನಿಂದ ಸಾವಿರ ಕಿಲೋಮೀಟರಿನ ತನಕ ಗಾಳಿ ಬಹಳ ತೆಳು. ಬಿಸಿಲು ಬಿದ್ದಾಗ ಆ ಗಾಳಿಯ ಕಣಗಳಿಂದ ಎಲೆಕ್ಟ್ರಾನುಗಳು ಕಿತ್ತು ಬರುತ್ತವೆ. ಹೊತ್ತು ಏರಿದಂತೆ ಹೆಚ್ಚುತ್ತವೆ, ಮಧ್ಯಾಹ್ನ ಎರಡರ ಸುಮಾರಿಗೆ ತುಂಬಿ ತುಳುಕುತ್ತವೆ, ಹೊತ್ತು ಮುಳುಗಿದ ಮೇಲೆ ಮತ್ತೆ ಕೂಡಿಕೊಂಡು ಕಡಿಮೆಯಾಗುತ್ತವೆ. ಈ ಪದರಕ್ಕೆ ಅಯಾನುಗೋಳ ಎಂದು ಹೆಸರು. ಒಂದು ಮೀಟರು ಉದ್ದ ಒಂದು ಮೀಟರು ಅಗಲದ ಒಂದು ಕಂಬವನ್ನು ನೆಲದಿಂದ ಆಕಾಶದ ತನಕ ನಿಲ್ಲಿಸಿದೆವು ಅಂದುಕೊಳ್ಳಿ. ಆ ಕಂಬದೊಳಗೆ ಎಷ್ಟು ಎಲೆಕ್ಟ್ರಾನುಗಳಿವೆ ಎನ್ನುವುದೇ ಇಲ್ಲಿ ಬರೆದಿಡುವ ಅಂಕಿ. ವಹಿಯಲ್ಲಿ 'ಒಂಬತ್ತು' ಎಂದು ಬರೆದರೆ ಆ ಒಂಬತ್ತರ ಹಿಂದೆ ಹದಿನಾರು ಸೊನ್ನೆಗಳಿವೆ ಎಂದು ಅರ್ಥ. ಸೊನ್ನೆಗಳನ್ನು ಬರೆಯುವ ಗೋಜಿಗೆ ಯಾರೂ ಹೋಗುವುದಿಲ್ಲ.

ಇಷ್ಟು ಮೇಲಿನದನ್ನು ಈ ಬೋಗುಣಿ ಎಣಿಸುವುದು ಹೇಗೆ? ಪುಸ್ತಕ ನೋಡಿ ನನಗೆ ಅರ್ಥವಾಗಿರಲಿಲ್ಲ. ಕಸ್ತೂರೆಮ್ಮ ಹೇಳಿದ ಮೇಲೆ ಆಯಿತು. "ಮ್ಯಾಲ ಉಪಗ್ರಹ ಅದಾವಲ್ರಿ, ಒಂದೊಂದರಿಂದ ಎರಡೆರಡು ಸಿಗ್ನಲ್ ಬರತಾವು. ಮಳಿ ಆದ ಮ್ಯಾಲ ಎರಿಹೊಲಾ ಹಾಯ್ದು ಇಬ್ಬರು ಬಂದ್ರ ಹೆಂಗ, ಹಂಗ. ಒಬ್ಬಾಕಿ ಕಾಲಿಗೆ ಮಣ್ಣ ಭಾಳ ಹತ್ತತೈತಿ, ಒಬ್ಬಾಕಿಗೆ ಕಡಿಮಿ. ಒಬ್ಬಾಕಿ ಮೊದಲ ಬರತಾಳ, ಇನ್ನೊಬ್ಬಾಕಿ ತಡಾ ಆಗಿ ಬರತಾಳ. ಎಷ್ಟ ತಡಾ ಆತು ಅಂತ ನೋಡಿದ್ರ ಹೊಲದಾಗ ಎಷ್ಟ ಕೆಸರ ಐತಿ ಗೊತ್ತಾಗತೈತಿ. ನಾವು ಹೊಲಕ್ಕ ಹೋಗೂದ ಬ್ಯಾಡ."

ನಮ್ಮ ಸೀಮೆಗೆ ಈ ಲೆಕ್ಕದಲ್ಲಿ ಒಂದು ವಿಶೇಷ ಜಾಗವಿದೆ. ದಕ್ಷಿಣದ ತುದಿಯಲ್ಲಿ, ತಿರುನೆಲ್ವೇಲಿಯ ಆಚೀಚೆ, ಭೂಮಿಯ ಕಾಂತದ ನಡುಗೆರೆ ಹಾದುಹೋಗುತ್ತದೆ. ಅಲ್ಲಿ ಹಗಲು ಹೊತ್ತು ಎಲೆಕ್ಟ್ರಾನುಗಳು ಮೇಲಕ್ಕೆದ್ದು, ಎರಡೂ ಕಡೆ ಜಾರಿ, ಉತ್ತರದಲ್ಲಿ ಭೋಪಾಲದ ಸುತ್ತಮುತ್ತ ಗುಡ್ಡೆ ಬೀಳುತ್ತವೆ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಆ ಎರಡು ಜಾಗಗಳ ನಡುದಾರಿಯಲ್ಲಿವೆ. "ಡ್ಯಾಮಿನಿಂದ ಬಿಟ್ಟ ನೀರು ಗಂಗಾವತಿ ಗದ್ದಿಗೆ ಹೋಗೂ ದಾರ್ಯಾಗ ನಡು ಕಾಲಿವಿ ಇರತೈತಲ್ರಿ, ಅದು ನಾವು" ಎನ್ನುತ್ತಾರೆ ಕಸ್ತೂರೆಮ್ಮ. ಆಮೇಲೆ ತಾವೇ ನಗುತ್ತಾರೆ. "ಯಲಬುರ್ಗಾಕ್ಕ ಕೆಳಗ ಕಾಲಿವಿ ಬರಲಿಲ್ಲ. ಮ್ಯಾಲರ ಬಂತಲ್ಲ, ಬಿಡ್ರಿ."

ಅವರ ತವರು ಕಿನ್ನಾಳ. ಗೊಂಬೆ ಮಾಡುವ ಚಿತ್ರಗಾರರ ಮನೆ. ಹುಣಸೆ ಬೀಜ ಅರೆದು ಅಂಟು ಕಾಯಿಸುವುದು, ಕಟ್ಟಿಗೆಯ ಬಿರುಕಿಗೆ ಮೆತ್ತುವುದು, ಬಿಳಿ ಬಳಿದು ಒಣಗಿಸುವುದು ಹೆಣ್ಣುಮಕ್ಕಳ ಪಾಲಿನ ಕೆಲಸ. ಕಣ್ಣು ಬರೆಯುವುದು ಮಾತ್ರ ಅಪ್ಪನದು. "ನಾನೂ ಬರೀತೀನಿ ಅಂತ ಒಂದ ಸಲ ಕುಂಚ ಹಿಡದಿದ್ದೆ. ಕೈ ಛಲೋ ಐತಿ ಅಂದ್ರು. ಆದ್ರ ಕುಂಚ ಇಸಗೊಂಡ್ರು" ಎಂದು ಹೇಳುವಾಗ ಅವರ ದನಿಯಲ್ಲಿ ದೂರಿಲ್ಲ. ಮದುವೆಯಾಗಿ ಬಂದದ್ದು ಯಲಬುರ್ಗಾಕ್ಕೆ. ಗಂಡ ದ್ಯಾಮಣ್ಣನದು ಬಸ್ ನಿಲ್ದಾಣದ ಹತ್ತಿರ ಬ್ಯಾಟರಿ ಚಾರ್ಜ್ ಮಾಡುವ ಅಂಗಡಿ. ಕಸ್ತೂರೆಮ್ಮ ಕಾಲೇಜಿನಲ್ಲಿ ಕಸ ಗುಡಿಸಲು ಸೇರಿ ಇಪ್ಪತ್ತು ವರ್ಷ ದಾಟಿದೆ.

2015ರ ಸಂಕ್ರಾಂತಿಗೆ ಮೊದಲು ದೂರದ ವಿಶ್ವವಿದ್ಯಾಲಯದಿಂದ ಪ್ರೊಫೆಸರೊಬ್ಬರು ಬಂದು ಬೋಗುಣಿ ನಿಲ್ಲಿಸಿದರು. ಜನವರಿ ಹದಿನೈದರಂದು ಲೆಕ್ಕ ಶುರುವಾಯಿತು. ಯಂತ್ರ ತನ್ನಷ್ಟಕ್ಕೆ ತಾನು ಬರೆದುಕೊಳ್ಳುತ್ತದೆ, ಆದರೆ ದಿನಾ ನೋಡಿಕೊಳ್ಳಲು ಒಬ್ಬರು ಬೇಕು, ಒಂದು ದಿನವೂ ತಪ್ಪಿಸದವರು ಬೇಕು ಎಂದು ಕೇಳಿದರಂತೆ. ಅಂದಿನ ಪ್ರಾಚಾರ್ಯರು ಕಿಟಕಿಯಿಂದ ಅಂಗಳದ ಕಡೆ ಕೈ ತೋರಿಸಿದರು. ಅಂಗಳದಲ್ಲಿ ಕಸ್ತೂರೆಮ್ಮ ಗುಡಿಸುತ್ತಿದ್ದರು. ಅವರ ಕೆಲಸದ ಪಟ್ಟಿಯಲ್ಲಿ ಇಂದಿಗೂ ಆಕಾಶದ ಮಾತಿಲ್ಲ. ಯಂತ್ರದ ಲೆಕ್ಕದಲ್ಲಿ ದಿನ ಶುರುವಾಗುವುದು ಇಂಗ್ಲೆಂಡಿನ ನಡುರಾತ್ರಿಗೆ, ಆಗ ಇಲ್ಲಿ ಬೆಳಗಿನ ಐದೂವರೆ. ಅಂದಿನಿಂದ ಅವರ ದಿನವೂ ಐದೂವರೆಗೇ ಶುರು.

ಅಲ್ಲಿಂದ ಹನ್ನೊಂದು ವಹಿಗಳು, ವರ್ಷಕ್ಕೊಂದು. ದಿನಕ್ಕೆ ಮೂರು ಸಲ ಪರದೆ ನೋಡಿ ಅಂಕಿ ಬರೆಯುತ್ತಾರೆ: ನಸುಕಿನ ಐದೂವರೆ, ಮಧ್ಯಾಹ್ನ ಎರಡು, ಸಂಜೆ ಏಳು. ಯಂತ್ರಕ್ಕೆ ಈ ಬರಹದ ಅಗತ್ಯವಿಲ್ಲ. ಆದರೆ ಯಂತ್ರಕ್ಕೆ ಗೊತ್ತಾಗದ ಸಂಗತಿಗಳು ಅಲ್ಲಿವೆ. 'ಕಾಗಿ ಕೂತಿತ್ತು, ಓಡಿಸಿದೆ.' 'ವೈರಿನ ಡಬ್ಬಿಯಲ್ಲಿ ಜೇನು ಕಟ್ಟಿದೆ, ಹೊಗೆ ಹಾಕಲಿಲ್ಲ, ತಾವೇ ಹೋದವು.' 'ಕೆಂಪು ಧೂಳಿನ ಗಾಳಿ, ಎರಡು ಸಲ ಒರೆಸಿದೆ.' 'ಜ್ವರ. ಬಂದೆ.' ನಾನು ಒಂದು ವಹಿ ಹಿಡಿದು ಕೂತವನು ಚಹಾ ಆರಿಹೋದದ್ದನ್ನೂ ಮರೆತೆ.

ಆ ಅಂಕಿಗಳು ಅವರಿಗೆ ಅಂಕಿಗಳಾಗಿ ಕಾಣುವುದೇ ಇಲ್ಲವಂತೆ. "ನನಗ ಬಣ್ಣದಾಗ ಕಾಣತೈತ್ರಿ. ನಸಿಕಿನ್ಯಾಗ ಗೊಂಬಿಗೆ ಬರೇ ಬಿಳಿ ಹಚ್ಚಿ ಇಟ್ಟಂಗ. ಹೊತ್ತ ಏರಿದಂಗ ಹಳದಿ ಬರತೈತಿ. ಎರಡಕ್ಕ ನೋಡ್ರಿ, ಎಲ್ಲಾ ಕೆಂಪ. ಮನ್ಯಾಗ ಪಡಸಾಲ್ಯಾಗ ಅಡ್ಡ ಆದ್ರೂ ತಲಿ ಮ್ಯಾಲ ಕೆಂಪ ತುಂಬಿದ್ದು ತಿಳೀತೈತಿ." ಮಾರ್ಚ್, ಏಪ್ರಿಲ್ ಮತ್ತು ದಸರೆಯ ದಿನಗಳಲ್ಲಿ ಹೊತ್ತು ಮುಳುಗಿದ ಮೇಲೆ ಅಯಾನುಗೋಳದ ತಳದಿಂದ ಎಲೆಕ್ಟ್ರಾನುಗಳಿಲ್ಲದ ತೂತುಗಳು ಎದ್ದು ಮೇಲೇರುತ್ತವೆ. "ಅಂಬಲಿ ಕುದಿಯೂ ಮುಂದ ಗುಳ್ಳಿ ಏಳತಾವಲ್ರಿ, ಹಂಗ. ಗುಳ್ಳಿ ಎದ್ದಾಗ ಉಪಗ್ರಹದ ದನಿ ತಡವರಿಸತೈತಿ. ಯಂತ್ರ ಒಂದೊಂದ ಬಿಡತೈತಿ, ಮತ್ತ ಹಿಡಿತೈತಿ. ಆಗ ನಾ ಅದರ ಬಾಜೂಕ ಸುಮ್ಮ ಕುಂದರತೀನಿ. ಏನೂ ಮಾಡಾಕ ಬರಂಗಿಲ್ಲ. ಆದ್ರೂ ಕುಂದರತೀನಿ."

ಇದರಿಂದ ಯಾರಿಗೆ ಏನು ಲಾಭ ಎಂದು ಕೇಳುವವರು ಊರಲ್ಲಿ ಇದ್ದೇ ಇದ್ದಾರೆ. ಕಸ್ತೂರೆಮ್ಮನನ್ನು 'ಆಕಾಶದ ತಲಾಟಿ', ಅಂದರೆ ಆಕಾಶದ ಲೆಕ್ಕ ಬರೆಯುವ ಶಾನುಭೋಗ, ಎಂದು ಚುಡಾಯಿಸುವವರೂ ಇದ್ದಾರೆ. ಕುಷ್ಟಗಿಯಲ್ಲಿ ಜಮೀನು ಅಳೆಯುವ ಫಾರೂಕ ಮಾತ್ರ ಚುಡಾಯಿಸುವುದಿಲ್ಲ. ಉಪಗ್ರಹ ನೋಡಿ ಅಳೆಯುವ ಯಂತ್ರ ಅವರದು. "ಎರಡ ವರ್ಷದ ಹಿಂದ ಸೂರ್ಯ ಭಾಳ ಜೋರ ಇದ್ದಾಗ ಮಧ್ಯಾನ ಎರಡಕ್ಕ ಅಳದ್ರ ಬದುವು ಒಂದ ಗೇಣ ಸರದು ಬರತಿತ್ರಿ. ಅಣ್ತಮ್ಮರು ಬಡದಾಡಾಕ ಒಂದ ಗೇಣ ಸಾಕಲ್ರಿ? ಈಗ ಕಸ್ತೂರೆಮ್ಮಾರಿಗೆ ಫೋನ್ ಹಚ್ಚಿ ಕೇಳತೀನಿ. ಜೋರ ಐತಿ ಅಂದ್ರ ಮುಂಜಾನೆನ ಅಳದ ಮುಗಸತೀನಿ" ಎನ್ನುತ್ತಾರೆ ಫಾರೂಕ.

ಲಾಕ್‌ಡೌನಿನ ಮೊದಲ ವಾರ ಪೊಲೀಸರು ನಸುಕಿನಲ್ಲಿ ಇವರನ್ನು ತಡೆದರಂತೆ. ಎಲ್ಲಿಗೆ ಹೊರಟಿ ಅಂದರೆ ಎಲೆಕ್ಟ್ರಾನು ಎಣಿಸಲು ಎಂದು ಇದ್ದದ್ದನ್ನೇ ಹೇಳಿದರು. ಲಾಠಿ ಹಿಡಿದವನು ತಬ್ಬಿಬ್ಬಾಗಿ ದಾರಿ ಬಿಟ್ಟ. "ಅಂವಗ ನಾ ಹುಚ್ಚಿ ಅನ್ನಿಸಿರಬೇಕ್ರಿ. ಮರದಿನದಿಂದ ತಾನ ದೂರಿಂದ ಕೈ ಮಾಡತಿದ್ದ, ಹೋಗ ಹೋಗ ಅಂತ." ಇಡೀ ಊರು ಬಾಗಿಲು ಹಾಕಿಕೊಂಡಿದ್ದ ಆ ತಿಂಗಳುಗಳ ಒಂದು ದಿನವೂ ವಹಿಯಲ್ಲಿ ಖಾಲಿ ಇಲ್ಲ.

ಖಾಲಿ ಇರುವುದು ಬೇರೆ ಕಡೆ. ಐದನೆಯ ವಹಿ, ಅರವತ್ತೊಂದನೆಯ ಪುಟ. ಆ ಪುಟವನ್ನು ಅವರಾಗಿಯೇ ತೆರೆದು ನನ್ನ ಮುಂದೆ ಇಟ್ಟರು.

2019ರ ಆಯುಧಪೂಜೆ. ಕಾಲೇಜಿನಲ್ಲಿ ಎಲ್ಲರೂ ತಮ್ಮ ತಮ್ಮ ಯಂತ್ರ ತೊಳೆದು ಹೂ ಹಾಕುತ್ತಿದ್ದರು. ಕಂಪ್ಯೂಟರಿಗೆ ಕುಂಕುಮ, ನೀರೆತ್ತುವ ಮೋಟಾರಿಗೆ ಬಾಳೆಕಂಬ. ಕಸ್ತೂರೆಮ್ಮ ಮಾಳಿಗೆಗೆ ಹೋಗಿ ನೋಡಿದರೆ ಐದು ಬೇಸಿಗೆ ಕಂಡ ಬೋಗುಣಿ ಹಳದಿ ತಿರುಗಿ ಕಳೆಗುಂದಿತ್ತು. ಅವರಿಗೆ ಅದು ತಡೆಯಲಾಗಲಿಲ್ಲ. ಕಿನ್ನಾಳದಲ್ಲಿ ದೇವರ ಗೊಂಬೆಯ ಕಿರೀಟಕ್ಕೂ ಒಡವೆಗೂ ಹೊಳಪು ಕೊಡಲು ಒಂದು ಲೇಪ ಮಾಡುತ್ತಾರೆ. ತವರದ ತೆಳು ಹಾಳೆಯನ್ನು ಅರೆದು ಅಂಟಿಗೆ ಕಲಸಿ ಹಚ್ಚಿ, ಒಣಗಿದ ಮೇಲೆ ನುಣ್ಣಗೆ ತಿಕ್ಕಿದರೆ ಬೆಳ್ಳಿಯಂತೆ ಹೊಳೆಯುತ್ತದೆ. ಲಾಜವಾರ ಎಂದು ಅದರ ಹೆಸರು. ತವರಿನಿಂದ ತಂದಿಟ್ಟಿದ್ದ ಒಂದು ಗಿಂಡಿ ಲಾಜವಾರವನ್ನು ಅವರು ಬೋಗುಣಿಗೆ ಪೂರ್ತಿ ಹಚ್ಚಿದರು. ಬುಡಕ್ಕೆ ಸಣ್ಣದೊಂದು ಬಳ್ಳಿಯನ್ನೂ ಬರೆದರು.

"ಎಷ್ಟ ಚಂದ ಕಾಣತಿತ್ತು ಅಂತೀರಿ. ಬಿಸಲ ಬಿದ್ದ ಕೂಡ್ಲೆ ಇಡೀ ಮಾಳಿಗಿ ಬೆಳಗತಿತ್ತು. ನಾ ಪಾಪಿ, ಕೆಳಗ ನಿಂತ ಎಲ್ಲಾರಿಗೂ ತೋರಿಸಿದೆ."

ತವರ ಲೋಹ. ಲೋಹದ ಹೊದಿಕೆ ಹೊದ್ದ ಬೋಗುಣಿಗೆ ಉಪಗ್ರಹಗಳ ದನಿ ಸರಿಯಾಗಿ ಕೇಳುವುದು ನಿಂತಿತು. ಅಳಿದುಳಿದ ಎರಡು ಮೂರು ಸಿಗ್ನಲ್‌ಗಳೂ ಕಡಿದು ಕಡಿದು ಬಂದವು. ಪರದೆಯ ಅಂಕಿಗಳು ಹುಚ್ಚುಹುಚ್ಚಾಗಿ ಕುಣಿಯತೊಡಗಿದವು. ಆಗ ಮಾಹಿತಿಯನ್ನು ಒಂದು ಮೆಮೊರಿ ಕಾರ್ಡಿಗೆ ತುಂಬಿ ಬಸ್ಸಿನಲ್ಲಿ ವಿಶ್ವವಿದ್ಯಾಲಯಕ್ಕೆ ಕಳಿಸುತ್ತಿದ್ದರು. ಅಲ್ಲಿ ಅದನ್ನು ನೋಡುತ್ತಿದ್ದವರು ಗಂಗಾವತಿಯ ಅಂಜುಮ ಎಂಬ ಸಂಶೋಧನಾ ವಿದ್ಯಾರ್ಥಿನಿ. ಸೂರ್ಯ ತಣ್ಣಗಿದ್ದ ವರ್ಷದಲ್ಲಿ ಆಕಾಶ ಹೀಗೆ ಕುಣಿಯುವುದೆಂದರೇನು ಎಂದು ಆಕೆಗೆ ನಿದ್ದೆ ಹತ್ತಲಿಲ್ಲ. ಹೊಸದೇನೋ ಸಿಕ್ಕಿತು ಎಂದುಕೊಂಡು ಅದರ ಮೇಲೆ ಒಂದು ಅಧ್ಯಾಯವನ್ನೇ ಬರೆಯತೊಡಗಿದ್ದರು. ದೀಪಾವಳಿಗೆ ಎರಡು ದಿನವಿರುವಾಗ ಫೋನು ಮಾಡಿ, ಅಲ್ಲೇನಾದರೂ ಬದಲಾಗಿದೆಯೇ ಎಂದು ಕೇಳಿದರು.

"ಬಣ್ಣಾ ಹಚ್ಚೀನ್ರಿ ಅಂದೆ. ಎಂಥಾ ಬಣ್ಣ ಅಂದ್ರು. ಲಾಜವಾರ ಅಂದೆ, ಅವರಿಗೆ ತಿಳೀಲಿಲ್ಲ. ತವರದ್ದು ಅಂದೆ. ಈಗಿಂದೀಗ ಅದನ್ನ ತಿಕ್ಕಿ ತೆಗೀರಿ ಅಮ್ಮಾ ಅಂದ್ರು."

ಅಂದು ಸಂಜೆಯೇ ಬಿಸಿನೀರು ಹಾಕಿ, ತೆಂಗಿನ ಜುಂಗಿನಿಂದ ತಿಕ್ಕಿ, ಬೆರಳ ತುದಿ ಸುಲಿಯುವ ತನಕ ಕಸ್ತೂರೆಮ್ಮ ಆ ಬೆಳ್ಳಿಯನ್ನು ತೆಗೆದರು. ಹತ್ತೊಂಬತ್ತು ದಿನಗಳ ಆಕಾಶ ಹೋಗಿತ್ತು. ಕಚೇರಿಯ ಒಬ್ಬರು ಕಿವಿಮಾತು ಹೇಳಿದರಂತೆ: ಸಿಡಿಲು ಬಡಿಯಿತು ಎಂದು ಬರೆದುಬಿಡು, ಇಲ್ಲವಾದರೆ ನಿನ್ನ ಕೆಲಸಕ್ಕೇ ಕುತ್ತು. ಅರವತ್ತೊಂದನೆಯ ಪುಟದಲ್ಲಿ ಹೀಗಿದೆ: 'ಆಯುಧಪೂಜೆ ದಿನ ಯಂತ್ರದ ತಲೆಗೆ ನಾನು ತವರದ ಬಣ್ಣ ಹಚ್ಚಿದ್ದರಿಂದ ಅಕ್ಟೋಬರ್ ಏಳರಿಂದ ಇಪ್ಪತ್ತೈದರ ತನಕ ಲೆಕ್ಕ ಕೆಟ್ಟಿದೆ. ಆಕಾಶದ ತಪ್ಪಲ್ಲ. ಕಸ್ತೂರೆಮ್ಮ.' ಹನ್ನೊಂದು ವಹಿಗಳಲ್ಲಿ ಅವರ ಹೆಸರು ಇರುವುದು ಈ ಒಂದೇ ಕಡೆ.

ಅಂಜುಮ ಆ ಅಧ್ಯಾಯವನ್ನು ಹರಿದು ಹಾಕಿದರು. ಈಗ ಅವರು ಗಂಗಾವತಿಯಲ್ಲಿ ಭೌತಶಾಸ್ತ್ರದ ಉಪನ್ಯಾಸಕಿ. "ಆ ಪುಟಾ ಇರದಿದ್ರ ನಾನು ಬೆಳ್ಳಿ ಬಣ್ಣಕ್ಕ ಡಾಕ್ಟರೇಟ್ ತಗೋತಿದ್ದೆ ರಿ" ಎಂದು ನಗುತ್ತಾರೆ. ಆಮೇಲೆ ನಗು ನಿಲ್ಲಿಸಿ ಹೇಳುತ್ತಾರೆ: "ನನ್ನ ಪ್ರಬಂಧದ ಅಡಿಟಿಪ್ಪಣ್ಯಾಗ ದೊಡ್ಡ ದೊಡ್ಡವರ ಹೆಸರು ಅದಾವ. ನಡುವ 'ಕಸ್ತೂರೆಮ್ಮನವರ ವಹಿ, ಸಂಪುಟ ಐದು, ಪುಟ ಅರವತ್ತೊಂದು' ಅಂತ ಹಾಕೀನಿ. ಪರೀಕ್ಷಾ ಮಾಡಾಕ ಬಂದವರು ಇದು ಯಾವ ಗ್ರಂಥ ಅಂತ ಕೇಳಿದ್ರು."

ಆ ಹತ್ತೊಂಬತ್ತು ದಿನಗಳ ಮೇಲೆ ಇನ್ನೊಂದು ದಿನವೂ ಖಾಲಿ ಬೀಳಬಾರದು ಎಂಬುದೊಂದೇ ಕಸ್ತೂರೆಮ್ಮನ ಹಟ. ಯೋಜನೆಯ ಅವಧಿ ಮುಗಿದಿದೆ, ಪ್ರೊಫೆಸರರು ನಿವೃತ್ತರಾಗಿದ್ದಾರೆ, ಹನ್ನೊಂದು ವರ್ಷ ತುಂಬಿದ ಕೂಡಲೇ ಯಂತ್ರ ವಿಶ್ವವಿದ್ಯಾಲಯಕ್ಕೆ ವಾಪಸು ಹೋಗಬೇಕು. ಅಷ್ಟರಲ್ಲಿ ನವೆಂಬರಿನಲ್ಲಿ ಮಾಳಿಗೆಯ ಕೆಲಸ ಬಂತು. ಡಿಸೆಂಬರಿನಲ್ಲೇ ಎಲ್ಲ ತೆರವು ಮಾಡಿ ಎಂದ ಗುತ್ತಿಗೆದಾರ. ಪ್ರಾಚಾರ್ಯರು ಕೈಚೆಲ್ಲಿದರು. ಕೊನೆಗೆ ಕಸ್ತೂರೆಮ್ಮ ಹೋಗಿ ನಿಂತದ್ದು ಗೌಂಡಿ ಹುಲಿಗೆಪ್ಪನ ಮುಂದೆ.

"ಯಕ್ಕಾ ಬಂದು ಆಕಾಶದ ಕತಿ ಎಲ್ಲಾ ಹೇಳಿದ್ಳು. ನನಗ ಅರ್ಧಾ ತಿಳೀಲಿಲ್ಲ" ಎನ್ನುತ್ತಾನೆ ಹುಲಿಗೆಪ್ಪ. "ಕೆಲಸಾ ನಡುವ ಮುರೀಬಾರದು ಅಂದ್ಳು. ಅದು ತಿಳೀತು. ನಾನೂ ಗಚ್ಚು ಹಾಕಾಂವ, ನಡುವ ನಿಲ್ಲಿಸಿದ್ರ ಅಲ್ಲೇ ಸೀಳು ಬರತೈತಿ. ಆ ಮೂಲಿ ಕಡೀಕ ಹಿಡೀತೀನಿ, ನಾಕ ಫೂಟ ಬಿಡತೀನಿ ಅಂದೆ." ಅಂದಿನಿಂದ ಕೂಲಿಯವರು ಕಬ್ಬಿಣದ ಬುಟ್ಟಿ ಹೊತ್ತು ಆ ಚೌಕದ ಹತ್ತಿರ ಸುಳಿಯದೆ ಸುತ್ತುಬಳಸಿ ಹೋಗುತ್ತಾರೆ. ಹೆಣ್ಣಾಳುಗಳು ಅದು ದೇವರ ಕಂಬವೇ ಇರಬೇಕೆಂದು ಅರಿಶಿನ ಕುಂಕುಮ ತಂದರು. ಕಂಬಕ್ಕೆ ಹಚ್ಚಿರಿ, ತಲೆಗೆ ಬೇಡ ಎಂದು ಕಸ್ತೂರೆಮ್ಮ ಪಕ್ಕದಲ್ಲೇ ನಿಂತು ಹಚ್ಚಿಸಿದ್ದಾರೆ.

ನಾನು ಹೋಗಿ ಬಂದ ಐದನೆಯ ದಿನ ಫೋನು ಬಂತು. ಅಂದು ಬೆಳಿಗ್ಗೆ ಕಾಂಕ್ರೀಟ್ ಕಲಸುವ ಯಂತ್ರ ಹಚ್ಚಿದಾಗ ಕಾಲೇಜಿನ ಕರೆಂಟೇ ಹೋಗಿ ಸಂಜೆಯ ತನಕ ಬರಲಿಲ್ಲ. ಹಳೆಯ ಬ್ಯಾಟರಿಗಳು ಮೂರು ಗಂಟೆಯ ಹೊತ್ತಿಗೆ ಕೆಂಪು ದೀಪ ತೋರಿಸತೊಡಗಿದವು. ದ್ಯಾಮಣ್ಣ ಅಂಗಡಿಯಲ್ಲಿ ಚಾರ್ಜಿಗೆ ಬಂದಿದ್ದ ಒಂದು ಟ್ರ್ಯಾಕ್ಟರ್ ಬ್ಯಾಟರಿಯನ್ನು ಒಡೆಯನಿಗೆ ಕೇಳಿ, ಕೈಗಾಡಿಯಲ್ಲಿ ಹಾಕಿಕೊಂಡು ಓಡಿಬಂದ. ಗೇಟಿನಿಂದ ಒಳಕ್ಕೆ ಹುಲಿಗೆಪ್ಪನ ಆಳುಗಳು ಹೊತ್ತು ತಂದರು. "ತಂತಿ ಜೋಡಿಸಿದಾಗ ಹನ್ನೊಂದ ನಿಮಿಷದ್ದ ಜೀವ ಉಳದಿತ್ರಿ. ಯಂತ್ರದ್ದೂ, ನಂದೂ" ಎಂದರು ಕಸ್ತೂರೆಮ್ಮ. ಆಚೆ ಕಡೆ ಅವರು ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯಲಿಲ್ಲ.

ಜನವರಿ ಹದಿನೈದು, ಸಂಕ್ರಾಂತಿಯ ನಸುಕು. ಮೂಡಣದಲ್ಲಿ ತೆಳು ಚಂದ್ರ. ಮೆಟ್ಟಿಲ ಬುಡದ ಕೋಣೆಯ ಹೊರಗೆ ದ್ಯಾಮಣ್ಣ, ಹುಲಿಗೆಪ್ಪ, ನಾನು ಕುಕ್ಕರಗಾಲಲ್ಲಿ ಕೂತಿದ್ದೇವೆ. ಐದೂವರೆಗೆ ದಿನದ ಲೆಕ್ಕ ಬದಲಾಗುತ್ತದೆ. ಕಸ್ತೂರೆಮ್ಮ ಬರೆಯುತ್ತಾರೆ: ದಿನ ಮೂರು ಸಾವಿರದ ಒಂಬೈನೂರ ತೊಂಬತ್ತೊಂಬತ್ತು.

"ಇನ್ನೊಂದ ದಿನಾ ಬಿಟ್ರ ನಾಕ ಸಾವಿರ ಆಗತೈತಲ್ಲ ಯಕ್ಕಾ" ಎನ್ನುತ್ತಾನೆ ಹುಲಿಗೆಪ್ಪ. "ನಾ ಕಾಯತೀನಿ ತಗೋ. ಕಂಟ್ರಾಕ್ಟರಗ ನಾ ಹೇಳತೀನಿ."

"ಬ್ಯಾಡ ತಮ್ಮಾ. ಹನ್ನೊಂದ ವರ್ಷ ಅಂದಿದ್ದೆ, ಹನ್ನೊಂದ ವರ್ಷ ಆತು. ಆ ಹತ್ತೊಂಬತ್ತ ದಿನಾ ಕಡಿಮಿ ಬಿದ್ದದ್ದು ಕಡಿಮಿನ. ಒಂದ ಕೂಡಿಸಿ ಚಂದ ಮಾಡೂದ ಬ್ಯಾಡ."

ಮೊದಲ ಬಸ್ಸಿಗೆ ಬಂದ ಅಂಜುಮ ಉದ್ದನೆಯ ಕಾಗದದ ಸುರುಳಿಯೊಂದನ್ನು ತಂದಿದ್ದಾರೆ. ಕಾಲೇಜಿನ ಪಡಸಾಲೆಯಲ್ಲಿ ಹಾಸಿ, ಹುಲಿಗೆಪ್ಪನಿಂದ ನಾಲ್ಕು ಇಟ್ಟಿಗೆ ತರಿಸಿ ಮೂಲೆಗೆ ಇಡುತ್ತಾರೆ. ಹನ್ನೆರಡು ಫೂಟು ಉದ್ದ. ಹನ್ನೊಂದು ವರ್ಷಗಳ ಮಧ್ಯಾಹ್ನದ ಅಂಕಿಗಳು, ದಿನಕ್ಕೊಂದು ಚುಕ್ಕೆ, ಚುಕ್ಕೆಗಳನ್ನು ಕೂಡಿಸಿದ ನೀಲಿ ಗೆರೆ. ಕೊನೆಯ ಒಂದು ದಿನದ್ದನ್ನು ಅವರು ಅಲ್ಲಿಯೇ ಪೆನ್ನಿನಿಂದ ಸೇರಿಸುತ್ತಾರೆ. ಎಡಗಡೆ ಎತ್ತರದಲ್ಲಿ ಶುರುವಾದ ಗೆರೆ ಇಳಿಯುತ್ತ ಇಳಿಯುತ್ತ 2019ರಲ್ಲಿ ನೆಲ ಹಿಡಿಯುತ್ತದೆ. ಆಮೇಲೆ ಏರತೊಡಗಿ ಎರಡು ವರ್ಷದ ಹಿಂದೆ ಕಾಗದದ ಮೇಲಂಚಿಗೆ ಹೋಗಿ ತಾಗುತ್ತದೆ. ದಿನಾ ಮೂರು ಅಂಕಿ ಬರೆದವರು ಇಡೀ ಆಕಾಶವನ್ನು ಒಟ್ಟಿಗೆ ನೋಡುತ್ತಿರುವುದು ಇದೇ ಮೊದಲು. ಸೆರಗಿಗೆ ಕೈ ಒರೆಸಿಕೊಂಡು ಕಸ್ತೂರೆಮ್ಮ ಕಾಗದದ ಪಕ್ಕದಲ್ಲೇ ಮೊಣಕಾಲೂರಿ, ಮುಟ್ಟದೆ, ಗೆರೆಯ ಮೇಲೆ ಕೈ ಆಡಿಸುತ್ತ ಹೋಗುತ್ತಾರೆ. ಒಂದು ಕಡೆ ಕೈ ನಿಲ್ಲುತ್ತದೆ.

2019ರ ಅಕ್ಟೋಬರ್. ಒಂದು ಬೆರಳಗಲದ ಜಾಗದಲ್ಲಿ ಗೆರೆಯಿಲ್ಲ, ಗೆರೆಯ ಬದಲು ಹತ್ತೊಂಬತ್ತು ಬೂದು ಚುಕ್ಕೆಗಳಿವೆ.

"ಇದೇನ್ರಿ ಮೇಡಮ್ಮಾರ?"

"ಆಜುಬಾಜು ದಿನದ್ದು ನೋಡಿ ಅಂದಾಜಿಲೆ ತುಂಬೀನಿ ಅಮ್ಮಾ. ಎಲ್ಲಾರೂ ಹಂಗ ಮಾಡತಾರ. ಗೆರಿ ತುಂಡಾಗಿ ಕಾಣಬಾರದು ಅಂತ."

ಕಸ್ತೂರೆಮ್ಮ ಆ ಚುಕ್ಕೆಗಳನ್ನು ಒಂದೊಂದಾಗಿ ಎಣಿಸುತ್ತಾರೆ. "ಇವು ತೆಗೀರಿ" ಎನ್ನುತ್ತಾರೆ ಮೆಲ್ಲಗೆ. "ಕಿನ್ನಾಳದಾಗ ಗೊಂಬಿ ಮಾಡಿದವರು ಗೊಂಬಿ ಮ್ಯಾಲ ಹೆಸರ ಬರಿಯಂಗಿಲ್ರಿ. ಇದರಾಗೂ ನನ್ನ ಹೆಸರ ಬ್ಯಾಡ. ನನ್ನದು ಏನರ ಆಶಾ ಇದ್ರ ಇಷ್ಟ: ಆ ಹತ್ತೊಂಬತ್ತ ದಿನಾ ಖಾಲಿ ಬಿಡ್ರಿ. ಆವಾಗ ಆಕಾಶ ಏನ ಮಾಡತಿತ್ತು ನಮಗ ಯಾರಿಗೂ ಗೊತ್ತಿಲ್ಲ. ನಾ ಏನ ಮಾಡಿದ್ದೆ ಅಷ್ಟ ಗೊತ್ತೈತಿ."

ಅಂಜುಮ ಎದ್ದರು. ಕಚೇರಿಗೆ ಹೋಗಿ, ತಪ್ಪು ಬರೆದದ್ದನ್ನು ಅಳಿಸುವ ಬಿಳಿ ಬಣ್ಣದ ಪುಟ್ಟ ಸೀಸೆಯನ್ನು ತಂದರು. ಅದರ ಮುಚ್ಚಳಕ್ಕೆ ಸಣ್ಣ ಕುಂಚವಿತ್ತು. ಅದನ್ನು ಕಸ್ತೂರೆಮ್ಮನ ಕೈಗೇ ಕೊಟ್ಟರು.

ಕುಂಚದ ತುದಿಯನ್ನು ಸೀಸೆಯ ಬಾಯಿಗೆ ಒರೆಸಿ ಕಸ್ತೂರೆಮ್ಮ ಬಾಗಿದರು. ಹತ್ತೊಂಬತ್ತು ಚುಕ್ಕೆಗಳನ್ನು ಒಂದೊಂದಾಗಿ ಮುಚ್ಚಿದರು. ಆಚೆಯ ಗೆರೆಗಾಗಲಿ ಈಚೆಯ ಗೆರೆಗಾಗಲಿ ಕುಂಚ ತಾಗಲಿಲ್ಲ. ಮೇಲೆ ಮಾಳಿಗೆಯಲ್ಲಿ ಹುಲಿಗೆಪ್ಪನ ಆಳುಗಳು ಕೊನೆಯ ನಾಲ್ಕು ಫೂಟು ಅಗೆಯಲು ಅಪ್ಪಣೆ ಕಾಯುತ್ತಿದ್ದರು. ಬಣ್ಣ ಆರುವ ತನಕ ಕಸ್ತೂರೆಮ್ಮ ಅದರ ಮೇಲೆ ಮೆಲ್ಲಗೆ ಉಸಿರು ಊದಿದರು, ಹಿಂದಕ್ಕೆ ಸರಿದು ಕಾಗದವನ್ನು ಈ ತುದಿಯಿಂದ ಆ ತುದಿಯ ತನಕ ಒಮ್ಮೆ ನೋಡಿದರು.

"ಹೂಂ, ಈಗ ಖರೇ ಆತು ನೋಡ್ರಿ" ಎಂದರು.